ಫ್ರಿಜ್ಜಿನೊಳಗೊಂದು ಬೈಕ್ ಕೀ

ಹುಡುಗ ಲ್ಯಾಬಿಗೆ ಬಂದಾಗ ಮುಖದ ಮೇಲೆ ಗೆದ್ದ ಕಳೆ ಇತ್ತು. ಎರಡನೇ ವರ್ಷದ ಪ್ರಾಜೆಕ್ಟಿಗೆಂದು ತಿಪಟೂರಿನಾಚೆಯ ಊರಿಗೆ ಹೋಗಿ, ಅಜ್ಜಿ ಹಾಡುವ ಸೋಬಾನೆ ಪದಗಳನ್ನು ಶೂಟ್ ಮಾಡಿಕೊಂಡು ಬಂದಿದ್ದ. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲು ಅಜ್ಜಿಯ ಅರ್ಧ ಕೆನ್ನೆಯನ್ನಷ್ಟೇ ಮುಟ್ಟಿತ್ತು, ಹಿಂದೆ ಮಬ್ಬು ಮಬ್ಬಾಗಿ ಕೊಬ್ಬರಿ ರಾಶಿ. ‘ಹೆಂಗಿದೆ ಸರ್?’ ಅಂದ. ‘ಕಣ್ಣು ಮುಚ್ಕೊಂಡು ಒಂದ್ಸಲ ಕೇಳು’ ಅಂದೆ. ಹೆಡ್‌ಫೋನ್ ಏರಿಸಿಕೊಂಡು ಕೂತವನ ಕಳೆ ಅರ್ಧ ನಿಮಿಷದಲ್ಲಿ ಇಳಿಯಿತು.

ಅಜ್ಜಿಯ ದನಿಯಡಿಗೆ ಗುಂಯ್ ಎಂಬ ಸದ್ದೊಂದು ಹರಿಯುತ್ತಿತ್ತು. ನಡುಮನೆಯ ಮೂಲೆಯಲ್ಲಿದ್ದ ಫ್ರಿಜ್ಜಿನದು. ಉದ್ದಕ್ಕೂ ಇದ್ದಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಫ್ರಿಜ್ಜಿನ ಕಂಪ್ರೆಸರ್ ತನ್ನ ಪಾಡಿಗೆ ತಾನು ಓಡುತ್ತದೆ, ನಿಲ್ಲುತ್ತದೆ. ಹುಡುಗ ಎರಡು ಟೇಕುಗಳನ್ನು ಕತ್ತರಿಸಿ ಜೋಡಿಸಿದ್ದರಿಂದ ಒಂದು ಸಾಲಿನಲ್ಲಿ ಗುಂಯ್ ಇದೆ, ಮುಂದಿನ ಸಾಲಿನಲ್ಲಿ ಇಲ್ಲ, ಮತ್ತೆ ಇದೆ. ಹರಿದ ಸೀರೆಗೆ ಬೇರೆ ಬಣ್ಣದ ದಾರದಲ್ಲಿ ಹೊಲಿಗೆ ಹಾಕಿದ ಹಾಗೆ ಪ್ರತಿ ಕಟ್ಟೂ ಕಿವಿಗೆ ಕಾಣುತ್ತಿತ್ತು. ಸಾಫ್ಟ್‌ವೇರಿನಲ್ಲಿ ಆ ಸದ್ದನ್ನು ತೆಗೆಯಲು ಎರಡು ದಿನ ಗುದ್ದಾಡಿದ. ಗುಂಯ್ ಹೋಯಿತು, ಜೊತೆಗೆ ಅಜ್ಜಿಯ ದನಿಯ ಮೈಯೂ ಹೋಗಿ, ಬಾವಿಯೊಳಗೆ ನಿಂತು ಹಾಡಿದಂತೆ ಉಳಿಯಿತು.

‘ಇನ್ನೊಂದ್ಸಲ ಹೋಗು. ಫ್ರಿಜ್ ಆಫ್ ಮಾಡು. ಆದರೆ ಆಫ್ ಮಾಡಿದ ಕೂಡಲೇ ನಿನ್ನ ಬೈಕ್ ಕೀಯನ್ನ ಫ್ರಿಜ್ ಒಳಗಿಡು’ ಅಂದೆ. ಅವನಿಗೆ ಇದು ತಮಾಷೆ ಅನ್ನಿಸಿತು. ಧ್ವನಿ ಮುದ್ರಿಸುವವರ ನಡುವೆ ಇದು ಹಳೆಯ ಉಪಾಯ. ಕೆಲಸ ಮುಗಿದ ಮೇಲೆ ಫ್ರಿಜ್ ಮತ್ತೆ ಹಾಕುವುದನ್ನು ಎಲ್ಲರೂ ಮರೆಯುತ್ತಾರೆ. ಮನೆಯವರ ಹಾಲು ಮೊಸರು ಕೆಟ್ಟು, ಮತ್ತೆಂದೂ ಆ ಮನೆಯ ಹೊಸ್ತಿಲು ತುಳಿಯದಂತಾಗುತ್ತದೆ. ಕೀ ಒಳಗಿದ್ದರೆ ಊರಿಗೆ ಹೊರಡಲಾದರೂ ಫ್ರಿಜ್ಜಿನ ಬಾಗಿಲು ತೆಗೆಯಲೇಬೇಕು.

ವಾರಕ್ಕೆರಡು ದಿನ ವಿಡಿಯೊ, ಆಡಿಯೊ ಪಾಠ ಮಾಡಲು ಹೋಗುವ ಅತಿಥಿ ಉಪನ್ಯಾಸಕ ನಾನು. ಪ್ರತಿ ವರ್ಷ ಮೊದಲ ದಿನ ಕೇಳುವ ಪ್ರಶ್ನೆ ಒಂದೇ: ಯಾರ್‍ಯಾರಿಗೆ ಏನೇನಾಗಬೇಕು? ಅರ್ಧ ಕ್ಲಾಸು ಡೈರೆಕ್ಟರ್. ಉಳಿದವರಲ್ಲಿ ಹೆಚ್ಚಿನವರು ಕ್ಯಾಮೆರಾ. ನಾಲ್ಕಾರು ಮಂದಿ ಎಡಿಟಿಂಗ್. ಸೌಂಡ್ ಅಂದಾಗ ಕಿಟಕಿಯಾಚೆ ನೋಡುತ್ತಾರೆ. ಶೂಟಿಂಗಿನ ದಿನ ಬೂಮ್ ಹಿಡಿಯುವ ಕೆಲಸ ಯಾವಾಗಲೂ ತಡವಾಗಿ ಬಂದವನ ಪಾಲಿಗೆ ಬೀಳುತ್ತದೆ, ದಂಡ ಹಾಕಿದ ಹಾಗೆ. ಆಳೆತ್ತರ ಮೀರಿದ ಕೋಲು, ಅದರ ತುದಿಗೆ ಮೈಕು, ಎರಡೂ ಕೈ ತಲೆಯ ಮೇಲೆ. ಹತ್ತು ನಿಮಿಷಕ್ಕೆ ತೋಳು ನಡುಗುತ್ತದೆ. ಮೈಕು ಒಂದಂಗುಲ ಫ್ರೇಮಿಗೆ ಇಳಿದರೆ ಎಲ್ಲರೂ ಬೈಯುವವರೇ. ಇಳಿಯದಿದ್ದರೆ ಅವನೊಬ್ಬ ಅಲ್ಲಿದ್ದಾನೆಂದು ಯಾರಿಗೂ ನೆನಪಿಲ್ಲ. ಮದುವೆಯ ಪಂಕ್ತಿಯಲ್ಲಿ ಉಪ್ಪು ಬಡಿಸುವವನ ಪಾಡು.

ನಾನೂ ಹಾಗೇ ತಡವಾಗಿ ಬಂದು ಸಿಕ್ಕಿಬಿದ್ದವನು. ಅದಕ್ಕೇ ಇರಬೇಕು, ಈ ಕೋರ್ಸಿನಲ್ಲಿ ನಿಜವಾಗಿ ಕಲಿಯುವುದು ನೋಡುವುದನ್ನಲ್ಲ, ಕೇಳುವುದನ್ನು ಎಂಬ ಪಕ್ಷಪಾತ ನನ್ನದು. ನೋಡುವುದನ್ನು ಈ ಮಕ್ಕಳು ಕಾಲೇಜಿಗೆ ಬರುವ ಹೊತ್ತಿಗೇ ಒಂದಿಷ್ಟು ಕಲಿತಿರುತ್ತಾರೆ. ಹತ್ತನೇ ಕ್ಲಾಸಿನಿಂದ ರೀಲ್ಸ್ ಮಾಡಿದವರಿಗೆ ಫ್ರೇಮು, ಬೆಳಕು, ಆ್ಯಂಗಲ್ಲು ಎಂದರೆ ಹೆದರಿಕೆಯಿಲ್ಲ. ಆದರೆ ಅವರ ಫೋನಿನಲ್ಲಿ ಸದ್ದು ಎಂದರೆ ಬೇರೆಯವರ ಹಾಡು, ಕೆಳಗೆ ಒತ್ತಿದರೆ ಬಂದು ಅಂಟಿಕೊಳ್ಳುವಂಥದ್ದು. ತಾವು ನಿಂತ ಜಾಗಕ್ಕೂ ಒಂದು ಸದ್ದಿದೆ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

ಹೀಗಾಗಿ ಮೊದಲ ಪಾಠಕ್ಕೆ ಯಾವ ಯಂತ್ರವೂ ಬೇಡ. ಕಾರಿಡಾರಿನಲ್ಲಿ ಮೂರು ನಿಮಿಷ ಕಣ್ಣು ಮುಚ್ಚಿ ಕೂತು, ಕೇಳಿದ್ದನ್ನೆಲ್ಲ ಬರೆಯಬೇಕು. ಮೊದಲ ಸಲ ಐದಾರು ಬರೆಯುತ್ತಾರೆ: ಫ್ಯಾನು, ಕಾಗೆ, ಬಸ್ಸು, ಯಾರದೋ ಚಪ್ಪಲಿ. ತಿಂಗಳು ಕಳೆದ ಮೇಲೆ ಅದೇ ಕಾರಿಡಾರಿನಲ್ಲಿ ಇಪ್ಪತ್ತರ ಮೇಲಾಗುತ್ತದೆ. ಒಬ್ಬಳು ಹುಡುಗಿ ‘ಅಟೆಂಡರ್ ಬೀಗದ ಕೈ ಗೊಂಚಲು, ಎಡಗಡೆಯಿಂದ ಬಲಗಡೆಗೆ’ ಎಂದು ಬರೆದಿದ್ದಳು. ಇವಳಿಗಿನ್ನು ಮೈಕು ಕೊಡಬಹುದು ಅಂದುಕೊಂಡೆ.

ಎರಡನೇ ಪಾಠಕ್ಕೆ ಬೇಕಾದದ್ದು ಒಂದನೇ ತರಗತಿಯ ವರ್ಣಮಾಲೆ. ಪ, ಫ, ಬ, ಭಗಳನ್ನು ತುಟಿಯಿಂದ ಹುಟ್ಟುವ ಅಕ್ಷರಗಳೆಂದು ಓಷ್ಠ್ಯಗಳ ಸಾಲಿಗೆ ಸೇರಿಸಿದವರಿಗೆ ಮೈಕು ಗೊತ್ತಿರಲಿಲ್ಲ, ಆದರೆ ಗಾಳಿ ಗೊತ್ತಿತ್ತು. ಮೈಕಿಗೆ ನೇರ ಬಾಯಿಟ್ಟು ‘ಪಂಪಭಾರತ’ ಎಂದು ಹೇಳಿ ನೋಡಿ; ಮೂರು ಗುದ್ದು ಬೀಳುತ್ತದೆ. ಮೈಕನ್ನು ಬಾಯಿಯ ನೇರದಿಂದ ನಾಲ್ಕು ಬೆರಳು ಪಕ್ಕಕ್ಕೆ ಸರಿಸಿದರೆ ಗಾಳಿ ತನ್ನ ದಾರಿ ಹಿಡಿದು ಹೋಗುತ್ತದೆ, ಮಾತು ಉಳಿಯುತ್ತದೆ. ಸ, ಶ, ಷ ಬಂದಾಗ ಸೀಟಿಯಂಥ ಚೂಪು ಹೊಮ್ಮುತ್ತದೆ, ಅದಕ್ಕೆ ಬೇರೆ ಮದ್ದು. ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಎರಡು ಪುಟ ಓದಿದರೂ ತಲೆಗೆ ಹೋಗದ್ದು ಅ ಆ ಇ ಈ ಹಾಳೆ ಗೋಡೆಗೆ ಅಂಟಿಸಿದರೆ ಹತ್ತು ನಿಮಿಷದ ಕೆಲಸ.

ದೂರದ ಪಾಠ ಇನ್ನೂ ಸುಲಭ. ಮೈಕು ಹತ್ತಿರ ಇದ್ದರೆ ಮನುಷ್ಯ ಕೇಳುತ್ತಾನೆ, ದೂರ ಇದ್ದರೆ ಕೋಣೆ ಕೇಳುತ್ತದೆ. ಬಯಲಿನಲ್ಲಾದರೆ ದೂರವನ್ನು ಅರ್ಧಕ್ಕಿಳಿಸಿದಾಗ ಮಾತಿನ ಮಟ್ಟ 6 ಡೆಸಿಬೆಲ್ ಏರುತ್ತದೆ, ಒಳ ಕೋಣೆಯಲ್ಲಿ ಗೋಡೆಯ ಮಾರ್ದನಿ ಸೇರಿ ಲೆಕ್ಕ ಸ್ವಲ್ಪ ಕೆಡುತ್ತದೆ. ಸಾವಿರಾರು ರೂಪಾಯಿಯ ಮೈಕು ಆರಡಿ ದೂರದಲ್ಲಿದ್ದರೆ, ಅಂಗಿಯ ಗುಂಡಿಗೆ ಸಿಕ್ಕಿಸಿದ ಅಗ್ಗದ ಕಾಲರ್ ಮೈಕು ಅದನ್ನು ಸುಲಭವಾಗಿ ಸೋಲಿಸುತ್ತದೆ. ಮಕ್ಕಳಿಗೆ ಈ ಮಾತು ಬಹಳ ಇಷ್ಟ, ದುಡ್ಡಿನ ವಿಷಯ ನೋಡಿ.

ನಾನು ಕಿವಿಯ ಪರ ವಾದ ಮಾಡುವಾಗೆಲ್ಲ ಕ್ಯಾಮೆರಾ ಹುಡುಗರು ವಿ.ಕೆ. ಮೂರ್ತಿ ಅವರ ಹೆಸರು ತೆಗೆಯುತ್ತಾರೆ. ಮೈಸೂರಿನ ಹುಡುಗ, ಬೆಂಗಳೂರಿನಲ್ಲಿ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಓದಿ 1946ರಲ್ಲಿ ಮುಗಿಸಿದವರು. ಅವರು ಓದಿದ, ಕೆ.ಆರ್. ಸರ್ಕಲ್ ಬಳಿಯ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದರೆ ಈಗಿನವರಿಗೆ ಎಂಜಿನಿಯರಿಂಗ್ ಡಿಪ್ಲೊಮಾ ನೆನಪಾಗುತ್ತದೆ; ನಲವತ್ತರ ದಶಕದಲ್ಲೇ ಅಲ್ಲಿ ಸಿನಿಮಾ ತಂತ್ರವನ್ನು ಕಾಲೇಜು ಪಾಠದಂತೆ ಕಲಿಸುತ್ತಿದ್ದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಗಿದ್ದು 1960ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಎಷ್ಟು ಮುಂಚೆ ಎಂದು ತಿಳಿಯುತ್ತದೆ. ಛಾಯಾಗ್ರಾಹಕ, ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಅಲ್ಲಿಯೇ ಓದಿ 1962ರಲ್ಲಿ ಹೊರಬಂದವರು. ಇಂದು ಹೆಸರಘಟ್ಟದಲ್ಲಿರುವ ಸರ್ಕಾರಿ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆ ಆ ಬೇರಿನಿಂದ ಒಡೆದ ಚಿಗುರು.

ಮೂರ್ತಿಯವರು ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಸ್ಟುಡಿಯೊ ಹೊರಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಒಳಗೆ ತಂದ ಕತೆ ಕ್ಯಾಮೆರಾ ಕಲಿಯುವ ಪ್ರತಿಯೊಬ್ಬರಿಗೂ ಗೊತ್ತು. 1959ರ ಆ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್. ಛಾಯಾಗ್ರಾಹಕರೊಬ್ಬರಿಗೆ ಮೊದಲ ಸಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿದ್ದೂ ಅವರಿಗೇ, 2008ನೇ ಸಾಲಿನದು. ಎಲ್ಲ ಸರಿ, ಆದರೆ ಹುಡುಗರು ಬಿಟ್ಟುಬಿಡುವ ಒಂದು ಸಂಗತಿ ಇದೆ: ಮೂರ್ತಿಯವರು ಪಿಟೀಲು ಕಲಿತವರು. ಹಾಡಿನ ಯಾವ ಗಳಿಗೆಗೆ ಕ್ಯಾಮೆರಾ ಹೆಜ್ಜೆ ಎತ್ತಬೇಕೆಂದು ಅವರಿಗೆ ಹೇಗೆ ಗೊತ್ತಾಗುತ್ತಿತ್ತು ಎನ್ನುವುದಕ್ಕೆ ನನ್ನ ಉತ್ತರ ಅದೇ. ಪುರಾವೆ ಕೇಳಬೇಡಿ, ಇದು ಕಿವಿಯವರ ನಂಬಿಕೆ.

ಸದ್ದಿನ ಕಷ್ಟ ಇವತ್ತಿನದೂ ಅಲ್ಲ. 1931ರಲ್ಲಿ ದೇಶದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ತೆಗೆಯುವಾಗ ಸ್ಟುಡಿಯೊ ಪಕ್ಕ ರೈಲು ಹಳಿ. ರೈಲುಗಳ ಓಡಾಟ ನಿಲ್ಲುವ ನಡುರಾತ್ರಿಯವರೆಗೆ ಕಾದು, ನಟರ ಆಸುಪಾಸಿನಲ್ಲಿ ಮೈಕು ಅಡಗಿಸಿಟ್ಟು ಚಿತ್ರೀಕರಿಸಿದರು. ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರದು. ಇಲ್ಲಿ ಸ್ಟುಡಿಯೊ ಇಲ್ಲದ್ದರಿಂದ ಕನ್ನಡ ಸಿನಿಮಾದ ಮೊದಲ ಮಾತು ಮುದ್ರಣವಾದದ್ದು ಕೊಲ್ಹಾಪುರದಲ್ಲಿ. ಮರುವರ್ಷ, 1935ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಕೇಂದ್ರ ಶುರುಮಾಡಿ ಅದನ್ನು ‘ಆಕಾಶವಾಣಿ’ ಎಂದು ಕರೆದರು. ಮುಂದೆ ದೇಶದ ರೇಡಿಯೊಗೇ ಆ ಹೆಸರು ಬಂತು. ಕಾಲೇಜು ಮೇಷ್ಟರ ಮನೆಯ ಕೋಣೆಯೊಂದರಿಂದ ಹೊರಟದ್ದು ಇಷ್ಟು ದೂರ ಹೋಗುತ್ತದೆ ಎಂದು ಹೇಳಿದಾಗ, ತಮ್ಮ ಕಾಲೇಜಿನ ಸ್ಟುಡಿಯೊ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದ್ದಕ್ಕೆ ನಾಚುತ್ತಿದ್ದ ಮಕ್ಕಳು ಸ್ವಲ್ಪ ಎದೆ ಸೆಟೆಸುತ್ತಾರೆ. (ಮೊಟ್ಟೆ ಟ್ರೇಯಿಂದ ಹೊರಗಿನ ಸದ್ದು ನಿಲ್ಲುವುದಿಲ್ಲ. ಒಳಗಿನ ಮಾರ್ದನಿ ಇಳಿಸಲು ಹಳೇ ರಗ್ಗು, ಹಾಸಿಗೆ ಮೇಲು.)

ಸಲಕರಣೆಯ ವಿಷಯ ಹೇಳುವುದು ಬೇಡ ಅಂದುಕೊಂಡಿದ್ದೆ. ಕ್ಯಾಮೆರಾ ಇರುವುದು ಸ್ಟೀಲ್ ಬೀರುವಿನಲ್ಲಿ. ಬೀರುವಿನ ಕೀ ಅಟೆಂಡರ್ ಬಳಿ. ಅಟೆಂಡರಿಗೆ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಸಹಿ ಸಿಕ್ಕ ದಿನ ಬ್ಯಾಟರಿ ಚಾರ್ಜ್ ಆಗಿರುವುದಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ‘ಬೂಮ್ ಮೈಕ್ ಎಂದರೇನು? ಚಿತ್ರ ಸಹಿತ ವಿವರಿಸಿ’ ಎಂದು ತಪ್ಪದೆ ಬರುತ್ತದೆ. ಮೂರು ವರ್ಷದಲ್ಲಿ ಒಮ್ಮೆಯೂ ಆ ಕೋಲು ಮುಟ್ಟದೆ, ಅಡಿಕೋಲು ಇಟ್ಟು ಅಂದವಾಗಿ ಚಿತ್ರ ಬರೆದು ಪೂರ್ತಿ ಅಂಕ ತೆಗೆದವರನ್ನು ನಾನು ಬಲ್ಲೆ.

ಮತ್ತೆ ಅಜ್ಜಿಯ ಮನೆಗೆ. ಹುಡುಗ ಎರಡನೇ ಸಲ ಹೋದ. ಫ್ರಿಜ್ ಆರಿಸಿ ಕೀ ಒಳಗಿಟ್ಟ. ‘ಅಯ್, ಫ್ರಿಜ್ ಯಾಕ್ಲಾ ಆರ್ಸ್ದೆ? ಹಾಲು ಒಡ್ದೋಯ್ತದೆ’ ಎಂದು ಅಜ್ಜಿ ಗದರಿದ್ದೂ ರೆಕಾರ್ಡ್ ಆಗಿತ್ತು. ಈ ಸಲ ಗುಂಯ್ ಇಲ್ಲ. ಅಜ್ಜಿ ಒಬ್ಬರೇ ಹಾಡಿದಷ್ಟೂ ಹೊತ್ತು ಬಹಳ ಚೆಂದ. ಆಮೇಲೆ ಅಕ್ಕಪಕ್ಕದ ಮನೆಯ ನಾಲ್ವರು ಹೆಂಗಸರು ಬಂದು ಕೂತು ಸೊಲ್ಲಿಗೆ ಸೊಲ್ಲು ಸೇರಿಸಿದರು ನೋಡಿ, ಅಲ್ಲಿಂದ ಎಲ್ಲ ಚರಚರ. ಡಿಜಿಟಲ್‌ನವರು ‘ಪೀಕ್ ಆಯ್ತು’, ‘ಒಡೀತು’ ಅನ್ನುವುದು ಇದಕ್ಕೇ.

ಅಕ್ಕಿಯನ್ನು ಸೇರಿನಲ್ಲಿ ಅಳೆಯುವುದನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಸೇರಿನ ಬಾಯಿ ಮೀರಿ ಗೋಪುರದಂತೆ ನಿಂತ ಅಕ್ಕಿಯ ಮೇಲೆ ಕೋಲು ಎಳೆದರೆ ಗೋಪುರ ಹೋಗಿ ಮಟ್ಟಸವಾಗುತ್ತದೆ. ಡಿಜಿಟಲ್ ಯಂತ್ರಕ್ಕೆ ಶೂನ್ಯ ಡೆಸಿಬೆಲ್ ಎನ್ನುವುದೇ ಸೇರಿನ ಬಾಯಿ. ಸದ್ದಿನ ಅಲೆ ಅದಕ್ಕಿಂತ ಮೇಲೆದ್ದರೆ ಬರೆದಿಡಲು ಅಲ್ಲಿ ಸಂಖ್ಯೆಯೇ ಇಲ್ಲ. 16 ಬಿಟ್ ಎಂದರೆ 65,536 ಮೆಟ್ಟಿಲು. ಕೊನೆಯ ಮೆಟ್ಟಿಲಿನಾಚೆ ಗೋಡೆ. ದುಂಡಗಿನ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ, ಕಿವಿಗೆ ಅದು ಚರಚರ ಎನ್ನಿಸುತ್ತದೆ. ಹಳೆಯ ಟೇಪಿಗೆ ಒಂದಿಷ್ಟು ದಾಕ್ಷಿಣ್ಯವಿತ್ತು, ಮಟ್ಟ ಮೀರಿದರೂ ಮೆತ್ತಗೆ ಒತ್ತಿಕೊಂಡು ಹೇಗೋ ಹಿಡಿಸಿಕೊಳ್ಳುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯವಿಲ್ಲ. ಆದ್ದರಿಂದ ಸೇರನ್ನು ಮುಕ್ಕಾಲಷ್ಟೇ ತುಂಬು, ಮಾತಿನ ಮುಳ್ಳು ಮೈನಸ್ 12ರ ಆಸುಪಾಸಿನಲ್ಲೇ ಆಡಲಿ ಅನ್ನುತ್ತೇವೆ. ಅಜ್ಜಿ ಒಬ್ಬರಿಗೆ ಸರಿಹೊಂದಿಸಿದ ಮಟ್ಟದಲ್ಲೇ ಐದು ಕೊರಳು ಸೇರಿದವು. ಹುಡುಗ ಹೆಡ್‌ಫೋನ್ ಕುತ್ತಿಗೆಗೆ ನೇತುಹಾಕಿಕೊಂಡು ಕ್ಯಾಮೆರಾ ಪರದೆ ನೋಡುತ್ತ ನಿಂತಿದ್ದ.

‘ಚಿತ್ರ ಚೆನ್ನಾಗಿ ಬರ್ತಿತ್ತು ಸರ್’ ಅಂದ, ಪಾಪ.

ಇದರ ಜೊತೆಗೆ ಇನ್ನೊಂದು ಎಡವಟ್ಟು. ರೆಕಾರ್ಡರ್ 44.1 ಕಿಲೊಹರ್ಟ್ಸ್‌ನಲ್ಲಿತ್ತು, ವಿಡಿಯೊ ಪ್ರಾಜೆಕ್ಟು 48ರಲ್ಲಿ. ಒಳ್ಳೆಯ ಎಡಿಟಿಂಗ್ ಸಾಫ್ಟ್‌ವೇರು ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಇವನು ಎಲ್ಲೋ ನಡುವೆ ಫೈಲಿನ ಹಣೆಬರಹವನ್ನೇ ತಿದ್ದಿಬಿಟ್ಟಿದ್ದ. ಒಂದು ಸೆಕೆಂಡಿಗೆ 44,100 ಸಲ ಅಳೆದ ಸದ್ದನ್ನು ಸೆಕೆಂಡಿಗೆ 48,000ದಂತೆ ಓಡಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ, ಒಂದು ಗಂಟೆಯ ಮಾತು 55 ನಿಮಿಷಕ್ಕೆ ಮುಗಿಯುತ್ತದೆ. ಎಪ್ಪತ್ತು ದಾಟಿದ ಅಜ್ಜಿ ಹೈಸ್ಕೂಲು ಹುಡುಗಿಯಂತೆ ಹಾಡುತ್ತಿದ್ದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

ನಗು ನಿಂತ ಮೇಲೆ ಯಾರೋ ಕೇಳಿದರು, 44,100 ಎಂಬ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಸರ್, 44,000 ಅಂತಿದ್ದರೆ ಆಗುತ್ತಿರಲಿಲ್ಲವೇ ಎಂದು. ಇಂಥ ಪ್ರಶ್ನೆ ಬಂದರೆ ಆ ದಿನದ ಸಿಲೆಬಸ್ಸು ಗಾಳಿಗೆ. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20 ಕಿಲೊಹರ್ಟ್ಸ್‌ವರೆಗೆ. ಅದನ್ನು ಸರಿಯಾಗಿ ಹಿಡಿಯಲು ಎರಡು ಪಟ್ಟಿಗಿಂತ ತುಸು ಹೆಚ್ಚು ಸಲ ಅಳೆಯಬೇಕು. ಡಿಜಿಟಲ್ ಸದ್ದಿನ ಮೊದಲ ದಿನಗಳಲ್ಲಿ ಅಷ್ಟು ಮಾಹಿತಿ ತುಂಬಿಡಲು ಬೇರೆ ಪಾತ್ರೆ ಇರಲಿಲ್ಲ. ವಿಡಿಯೊ ಟೇಪನ್ನೇ ಬಳಸಿದರು, ಚಿತ್ರ ಇರಬೇಕಾದ ಜಾಗದಲ್ಲಿ ಸದ್ದಿನ ಅಂಕಿಗಳನ್ನು ಕಪ್ಪು ಬಿಳಿ ಚುಕ್ಕಿಗಳಾಗಿ ಬರೆದರು. ಒಂದು ಗೆರೆಗೆ 3 ಅಳತೆ, ಒಂದು ಫೀಲ್ಡಿಗೆ (ಅಂದರೆ ಅರ್ಧ ಫ್ರೇಮಿಗೆ) 294 ಗೆರೆ, ಸೆಕೆಂಡಿಗೆ 50 ಫೀಲ್ಡು: ಗುಣಿಸಿದರೆ 44,100. 1982ರಲ್ಲಿ ಸಿ.ಡಿ. ಬಂದಾಗ ಅದೇ ಸಂಖ್ಯೆ ಉಳಿಯಿತು. ಅಂದರೆ ಡಿಜಿಟಲ್ ಸಂಗೀತ ಕಣ್ಣು ತೆರೆದದ್ದು ವಿಡಿಯೊದ ಬಾಡಿಗೆ ಮನೆಯಲ್ಲಿ. ಇನ್ನು 48,000ವನ್ನು 25ರಿಂದ ಭಾಗಿಸಿ, 1920 ಬರುತ್ತದೆ. 24ರಿಂದ ಭಾಗಿಸಿದರೆ 2000. ಒಂದು ಫ್ರೇಮಿಗೆ ಇಷ್ಟು ಎಂದು ಚಿಲ್ಲರೆ ಉಳಿಯದೆ ಲೆಕ್ಕ ಹೊಂದುತ್ತದೆ. 44,100ನ್ನು 24ರಿಂದ ಭಾಗಿಸಿದರೆ ಅರ್ಧ ಉಳಿದುಬಿಡುತ್ತದೆ. ಗಣಿತವೆಂದರೆ ಮಾರುದೂರ ಓಡುವ ಕಲಾ ವಿಭಾಗದ ಮಕ್ಕಳು ಆ ದಿನ ಫೋನ್ ತೆಗೆದು ತಾವೇ ಗುಣಿಸಿ ನೋಡಿದರು.

ತಾಳ ತಪ್ಪುವುದಕ್ಕೆ ಇನ್ನೂ ಒಂದು ದಾರಿ ಇದೆ, ಅದನ್ನು ಫೋನಿನಲ್ಲಿ ಶೂಟ್ ಮಾಡುವವರೆಲ್ಲ ಒಂದಲ್ಲ ಒಂದು ದಿನ ತುಳಿಯುತ್ತಾರೆ. ಹಲವು ಫೋನುಗಳು ಸೆಕೆಂಡಿಗೆ ಇಂತಿಷ್ಟೇ ಫ್ರೇಮು ಎಂದು ಹಟ ಹಿಡಿಯುವುದಿಲ್ಲ; ಬೆಳಕು ಕಡಿಮೆಯಾದರೆ ಅಥವಾ ಬಿಸಿಯಾದರೆ ಅವು ನಿಧಾನಿಸುತ್ತವೆ. ಬೇರೆ ರೆಕಾರ್ಡರಿನ ಸದ್ದನ್ನು ಅದರೊಡನೆ ಜೋಡಿಸಿದರೆ ಶುರುವಿನಲ್ಲಿ ತುಟಿಯೂ ಮಾತೂ ಸರಿಯಾಗಿ ಕೂಡಿ, ಅರ್ಧ ಗಂಟೆಯ ಹೊತ್ತಿಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ದೂರವೂ ಸದ್ದನ್ನು ಹಿಂದೆ ಹಾಕುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮು ಕಳೆಯುವಷ್ಟರಲ್ಲಿ 14 ಮೀಟರಿಗಿಂತ ಚೂರು ಕಡಿಮೆ. ಬಯಲಾಟವನ್ನು ಹಿಂದಿನ ಸಾಲಿನಿಂದ ಶೂಟ್ ಮಾಡಿದವರಿಗೆ ಚಂಡೆಯ ಕೋಲು ಬಿದ್ದ ಮೇಲೆ ಪೆಟ್ಟು ಕೇಳುವುದು ಇದಕ್ಕೇ. ಹಳ್ಳಿಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿಯೇ ಅವರು ಬೆಳೆದಿರುತ್ತಾರೆ.

ಇಷ್ಟನ್ನೆಲ್ಲ ಯೂಟ್ಯೂಬಿನಲ್ಲಿ ಕಲಿಯಬಹುದಲ್ಲ, ಕಾಲೇಜು ಯಾಕೆ ಎಂದು ಪೋಷಕರು ಕೇಳುತ್ತಾರೆ. ಕಲಿಯಬಹುದು. ಸಾಫ್ಟ್‌ವೇರಂತೂ ಪುಕ್ಕಟೆ ಸಿಗುತ್ತದೆ. ಪ್ರಪಂಚದ ತುಂಬ ಮಕ್ಕಳು ಬಳಸುವ ಆಡಾಸಿಟಿ ಹುಟ್ಟಿದ್ದೇ 1999ರಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಒಬ್ಬ ವಿದ್ಯಾರ್ಥಿ ಮತ್ತು ಅವನ ಮೇಷ್ಟರ ಕೆಲಸವಾಗಿ. ಯಾವ ಗುಂಡಿ ಒತ್ತಬೇಕೆಂದು ಹೇಳಲು ನನ್ನ ಅಗತ್ಯವಿಲ್ಲ. ಆದರೆ ತಾನು ಕಟ್ ಮಾಡಿದ್ದನ್ನು ಮೂವತ್ತು ಜನರ ನಡುವೆ ಕೂತು ನೋಡುವಾಗ ಯಾವ ಗಳಿಗೆಯಲ್ಲಿ ಕುರ್ಚಿಗಳು ಕಿರುಗುಟ್ಟಿದವು, ಯಾರು ಕೆಮ್ಮಿದರು, ಎಲ್ಲಿ ಎಲ್ಲರ ಉಸಿರೂ ನಿಂತಿತು, ಇದು ಒಬ್ಬನೇ ಕೋಣೆಯಲ್ಲಿ ಕೂತರೆ ಸಿಗುವುದಿಲ್ಲ. ಮತ್ತೆ ಬೇರೆಯವರ ಚಿತ್ರಕ್ಕೆ ಬೂಮ್ ಹಿಡಿದು ಬೈಸಿಕೊಳ್ಳುವುದು. ತನ್ನ ಚಿತ್ರಕ್ಕೆ ಎಲ್ಲರೂ ಹಿಡಿಯುತ್ತಾರೆ.

ಮಂಗಳೂರಿನ ಸೇಂಟ್ ಅಲೋಶಿಯಸ್‌ನ ಸಾರಂಗ್, ಮಣಿಪಾಲದ ರೇಡಿಯೊ ಮುಂತಾದ ಸಮುದಾಯ ರೇಡಿಯೊ ಇರುವ ಕಡೆ ಓದುವ ಮಕ್ಕಳನ್ನು ಕಂಡರೆ ನನಗೆ ಈ ವಿಷಯದಲ್ಲಿ ಹೊಟ್ಟೆಕಿಚ್ಚು. ಅಲ್ಲಿ ರೆಕಾರ್ಡ್ ಮಾಡಿದ್ದು ಮೇಷ್ಟರ ಮೇಜಿನಲ್ಲಿ ಸಾಯುವುದಿಲ್ಲ, ಯಾರದೋ ಅಡುಗೆಮನೆಯಲ್ಲಿ ಕೇಳುತ್ತದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಂತೂ ಪ್ರಸಾರಕ್ಕೆ ಪರವಾನಗಿ ಸಿಗದ ಕಾಲದಲ್ಲಿ ‘ನಮ್ಮ ಧ್ವನಿ’ಯವರು ಟಿ.ವಿ. ಕೇಬಲ್ಲಿನ ತಂತಿಯಲ್ಲೇ ಸದ್ದು ಕಳಿಸಿದ್ದರು.

ಹುಡುಗ ಮೂರನೇ ಸಲ ಊರಿಗೆ ಹೋದ. ಈ ಸಲ ಕಾರಿಡಾರಿನಲ್ಲಿ ಬೀಗದ ಕೈ ಗೊಂಚಲಿನ ಸದ್ದು ಗುರುತಿಸಿದ್ದ ಹುಡುಗಿಯನ್ನೂ ಇನ್ನೊಬ್ಬ ಗೆಳೆಯನನ್ನೂ ಕರೆದುಕೊಂಡು. ಹೆಡ್‌ಫೋನ್ ಅವಳ ಕಿವಿಯ ಮೇಲೆ. ಸಲ್ಲಿಸುವ ದಿನ ಮೀರಿದ್ದರಿಂದ ಇಂಟರ್ನಲ್ಸ್‌ನಲ್ಲಿ ಅಂಕ ಕಡಿತ, ಕಡಿದವನು ನಾನೇ. ಬಂದವರು ಎಡಿಟ್ ಮಾಡಿದ್ದನ್ನು ತೋರಿಸುವ ಮೊದಲು, ಕತ್ತರಿಸದ ಹಸಿ ಫೈಲು ಕೊಡಿ ಅಂದೆ. ಹಸಿ ಫೈಲಿನಲ್ಲಿ ಗೊತ್ತಾಗುವಷ್ಟು ಮುಗಿದದ್ದರಲ್ಲಿ ಗೊತ್ತಾಗುವುದಿಲ್ಲ.

ಕೇಳಿದೆ. ಮೊದಲು ಒಂದು ನಿಮಿಷ ಯಾರೂ ಮಾತಾಡದೆ ಬರೀ ನಡುಮನೆಯ ಮೌನವನ್ನು ಹಿಡಿದಿದ್ದರು. ಎರಡು ಟೇಕಿನ ನಡುವಿನ ಸಂದಿಗೆ ಹಚ್ಚಲು ಬೇಕಾಗುವ ಗಾರೆ ಅದು. ಖಾಲಿ ಜಾಗಕ್ಕೆ ಪೂರ್ತಿ ನಿಶ್ಶಬ್ದ ಹಾಕಿದರೆ ಟಿ.ವಿ. ಕೆಟ್ಟಿತೇನೋ ಅನ್ನಿಸುತ್ತದೆ. ಆದರೆ ಆ ಮೌನದ ತಳದಲ್ಲಿ ಹಳೆಯ ಗುಂಯ್ ಇತ್ತು. ಮತ್ತೆ ಮರೆತರಲ್ಲ ಎಂದು ಹೆಡ್‌ಫೋನ್ ತೆಗೆಯುವವನಿದ್ದೆ. ಅಷ್ಟರಲ್ಲಿ ಬರಿಗಾಲಿನ ಹೆಜ್ಜೆ ಕೇಳಿತು, ಎಡಗಡೆಯಿಂದ ಬಲಕ್ಕೆ, ನಿಧಾನ. ಟಕ್ ಎಂದು ಸ್ವಿಚ್ಚು. ಗುಂಯ್ ಗೊಣಗಿಕೊಂಡು ನಿಂತಿತು. ಆಮೇಲೆ ಅಜ್ಜಿಯ ದನಿ, ಮೈಕಿಗೆ ಸರಿಯಾದ ದೂರದಲ್ಲಿ:

‘ಕೀ ಕೊಡ್ಲಾ ಇಲ್ಲಿ.’

ಫ್ರಿಜ್ಜಿನ ಬಾಗಿಲು ತೆರೆದು ಮುಚ್ಚಿತು. ಚಾಪೆ ಸರಿಯಿತು. ಯಾರೋ ಗಂಟಲು ಸರಿಮಾಡಿಕೊಂಡರು.